ಕಾಯಿ ಸಾಲಿನ ಗೋಲ್‌ಕೀಪರ್

ಹಾಕಿಯಲ್ಲಿ ಗೋಲು ಹೊಡೆದವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಗೋಲು ತಡೆದವನನ್ನು ಹೊತ್ತು ಕುಣಿದದ್ದನ್ನು ನಾನು ಈ ವಯಸ್ಸಿನ ತನಕ ಎಲ್ಲೂ ನೋಡಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಹತ್ತು ಚೆಂಡು ತಡೆದವನು ಯಾರೆಂದು ಯಾರೂ ಕೇಳುವುದಿಲ್ಲ, ಹನ್ನೊಂದನೆಯದನ್ನು ಬಿಟ್ಟರೆ ಮಾತ್ರ ಊರಿಗೆಲ್ಲ ಗೊತ್ತಾಗುತ್ತದೆ. ಮೊನ್ನೆ ನನ್ನ ಮೊಮ್ಮಗಳು ಶಾಲೆಯಿಂದ ಬಂದವಳೇ, "ತಾತ, ನನ್ನನ್ನ ಗೋಲಲ್ಲಿ ನಿಲ್ಲಿಸಿಬಿಟ್ರು" ಎಂದು ಮುಖ ಊದಿಸಿಕೊಂಡು ಕೂತಳು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ನಿಲ್ಲಿಸಿಬಿಟ್ರು ಅಂತೀಯಲ್ಲೇ, ಪುಣ್ಯ ಮಾಡಿದ್ದೀಯ ಕಣೇ!" ಎಂದೆ. ಆಮೇಲೆ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವಳು ಅರ್ಧಕ್ಕೇ ಎದ್ದು ಆಡಲು ಓಡಿದಳು, ನೀವಾದರೂ ಪೂರ್ತಿ ಕೇಳಬೇಕು.

ನಾನು ಓದಿದ್ದು ಹೊಳೆನರಸೀಪುರದ ಹೈಸ್ಕೂಲಿನಲ್ಲಿ. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಸಕ್ಕರೆ ಸಿಗುತ್ತಿರಲಿಲ್ಲ, ಪೆಟ್ರೋಲಿಲ್ಲದ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಹೊಗೆ ಬಿಡುತ್ತಾ ತೆವಳುತ್ತಿದ್ದವು. ಇವೆಲ್ಲ ದೊಡ್ಡವರ ಚಿಂತೆ. ನಮ್ಮ ತಲೆ ತುಂಬ ಹಾಕಿ. ಇಡೀ ಶಾಲೆಗೆ ನಿಜವಾದ ಹಾಕಿ ಕೋಲುಗಳು ಇದ್ದದ್ದು ಏಳು. ಉಳಿದವರು ಸೀಬೆ ಕೊಂಬೆಯನ್ನು ಬೆಂಕಿಯಲ್ಲಿ ಕಾಯಿಸಿ, ತುದಿ ಬಗ್ಗಿಸಿ ಕೋಲು ಮಾಡಿಕೊಂಡಿದ್ದರು. ಚರ್ಮದ ಚೆಂಡು ಇದ್ದದ್ದು ಒಂದೇ, ಅದನ್ನು ಪಂದ್ಯದ ದಿನ ಮಾತ್ರ ಬೀರುವಿನಿಂದ ತೆಗೆಯುತ್ತಿದ್ದರು. ಮಿಕ್ಕ ದಿನ ಬಲಿಯದೆ ಉದುರಿದ ಪುಟ್ಟ ತೆಂಗಿನಕಾಯಿಗಳೇ ನಮ್ಮ ಚೆಂಡು.

ಅವನ್ನು ನಮ್ಮ ತೋಟದಿಂದ ಚೀಲದಲ್ಲಿ ತುಂಬಿ ತರುತ್ತಿದ್ದವನು ನಾನು. ಹಾಗಾಗಿ ಆಟಕ್ಕೆ ಸೇರಿಸದಿದ್ದರೂ ನನ್ನನ್ನು ಯಾರೂ ಓಡಿಸುವಂತಿರಲಿಲ್ಲ. ಒಂದು ಸಂಜೆ ಹುಣಸೆಮರದ ಕೆಳಗೆ ಕೂತು ಹುಣಸೆಕಾಯಿ ಚೀಪುತ್ತಿದ್ದೆ. ಯಾರೋ ಬೀಸಿ ಹೊಡೆದ ಕಾಯಿ ನೆಟ್ಟಗೆ ನನ್ನ ಮುಖಕ್ಕೇ ಬಂತು. ನಾನು ಚೀಪುವುದನ್ನು ಬಿಡದೆ ಎಡಗೈಯಲ್ಲಿ ಅದನ್ನು ಹಿಡಿದೆ. ಅಷ್ಟೇ. ಡ್ರಿಲ್ ಮೇಷ್ಟ್ರು ಸೀಟಿ ಊದಿಬಿಟ್ಟರು. ಖಾಕಿ ಚಡ್ಡಿ, ಕರಿ ಕೋಟು, ತಲೆಗೆ ರುಮಾಲು. ಆಳು ಗಿಡ್ಡ, ದನಿ ಮಾತ್ರ ಹೊಳೆಯಾಚೆಗೂ ಕೇಳುವಂಥದ್ದು.

"ಲೇ, ಅದನ್ನ ಎಲ್ಲಿ ಕಲಿತ್ಯೋ?"

"ತ್ವಾಟದಲ್ಲಿ ಸಾ."

"ತ್ವಾಟದಲ್ಲಿ ಯಾವನೋ ಹಾಕಿ ಆಡ್ತಾನೆ?"

ಹಾಕಿ ಅಲ್ಲ, ಕಾಯಿ ಸಾಲು. ಅದನ್ನು ನೋಡದವರಿಗೆ ಬಿಡಿಸಿ ಹೇಳಲೇಬೇಕು. ಹೇಮಾವತಿಯ ದಂಡೆಯಲ್ಲಿ ನಮ್ಮ ತೋಟ. ಪ್ರತಿ ಶನಿವಾರ ಚನ್ನರಾಯಪಟ್ಟಣದ ಸಂತೆಗೆಂದು ಗಾಡಿ ತುಂಬಬೇಕು. ಸುಲಿದ ಕಾಯಿಯ ರಾಶಿ ತೋಟದ ನಡುವೆ, ಗಾಡಿ ಮಾತ್ರ ಮೇಲಿನ ದಾರಿಯಲ್ಲಿ. ರಾಶಿಯಿಂದ ಗಾಡಿಯ ತನಕ ಹನ್ನೆರಡು ಜನ ಸಾಲಾಗಿ ನಿಲ್ಲುತ್ತಿದ್ದೆವು, ಎಲ್ಲರ ಮುಖವೂ ರಾಶಿಯ ಕಡೆಗೆ. ಮೊದಲನೆಯವನು ಕಾಯಿ ಎಸೆಯುತ್ತಾನೆ. ಎರಡನೆಯವನು ಹಿಡಿದು, ಸೊಂಟ ತಿರುಗಿಸಿ, ಹಿಂದಿನವನ ಕೈಗೆ ಎಸೆಯುತ್ತಾನೆ. ಅವನು ತನ್ನ ಹಿಂದಿನವನಿಗೆ. ಕಣ್ಣು ಯಾವಾಗಲೂ ಮುಂದೆ. ತಿರುಗಿ ನೋಡುತ್ತಾ ನಿಂತರೆ ಮುಂದಿನ ಕಾಯಿ ಬಂದು ಮೂಗಿಗೆ ಬಡಿಯುತ್ತದೆ. ನನ್ನ ಹಿಂದೆ ಎರಡು ಕೈ ಕಾದಿವೆ ಎಂದು ನಂಬಿ ಎಸೆಯಬೇಕು. ಎಂಟು ವರ್ಷದವನಿದ್ದಾಗಿನಿಂದ ನಾನು ಆ ಸಾಲಿನಲ್ಲಿ ಏಳನೆಯವನು.

ಸಾಲಿನ ಕೊನೆಯಲ್ಲಿ, ಗಾಡಿಯ ಪಕ್ಕ, ಅಪ್ಪ. ಕೊನೆಗೆ ಬಂದ ಕಾಯಿಯನ್ನು ಹಿಡಿದು, ಗಾಡಿಯೊಳಗೆ ಮೆತ್ತಗೆ ಇಳಿಸಿ, ಎಣಿಸುವವನು ಅವನು. ನಮ್ಮಲ್ಲಿ ಎಣಿಕೆ 'ಒಂದು' ಎಂದು ಶುರುವಾಗುವುದಿಲ್ಲ, 'ಲಾಭ' ಎನ್ನಬೇಕು. "ಲಾ...ಭ, ಎರಡೂ, ಮೂರೂ" ಎಂದು ಅಪ್ಪ ರಾಗವಾಗಿ ಕೂಗುತ್ತಿದ್ದರೆ ಇಡೀ ಸಾಲು ಆ ರಾಗಕ್ಕೇ ಕೈ ಬೀಸುತ್ತಿತ್ತು. ಕೈಜಾರಿ ಬಿದ್ದು ಬಿರುಕು ಬಿಟ್ಟ ಕಾಯಿ ಎಣಿಕೆಗಿಲ್ಲ. "ಒಡಕು!" ಎಂದು ಕೂಗಿ ಅದನ್ನು ಪಕ್ಕಕ್ಕಿಡುತ್ತಿದ್ದ, ಅದು ಅವ್ವನ ಅಡುಗೆಮನೆಗೆ. ಗಾಡಿಯ ಪಕ್ಕದ ಆ ಜಾಗದಲ್ಲಿ ಬೇರೆ ಯಾರೂ ನಿಲ್ಲುವಂತಿರಲಿಲ್ಲ. ತಾತನ ಕೈ ನಡುಗಲು ಶುರುವಾದ ಮೇಲೆ ಅದು ಅಪ್ಪನಿಗೆ ಬಂದಿತ್ತು.

ಇದನ್ನೆಲ್ಲ ಕೇಳಿದ ಮೇಷ್ಟ್ರು, "ನಾಳೆಯಿಂದ ನೀನೇ ಗೋಲ್‌ಕೀಪರ್" ಎಂದರು. ಅಲ್ಲಿಯವರೆಗೆ ಆ ಜಾಗಕ್ಕೆ ಓಡಲಾರದ ದಪ್ಪ ಹುಡುಗರನ್ನು ಹುಡುಕುತ್ತಿದ್ದರು. ನನಗೆ ಸಂತೋಷವೇನೂ ಆಗಲಿಲ್ಲ, ಅವಮಾನವಾಯಿತು. ನಾನು ಮುಖ ಗಂಟಿಕ್ಕಿದ್ದನ್ನು ನೋಡಿ ಅವರು ಮರುದಿನ ಒಂದು ಇಂಗ್ಲಿಷ್ ಪತ್ರಿಕೆ ತಂದರು. ಬೆಂಗಳೂರಿನ ದಂಡಿನಲ್ಲಿ ಬೀಡುಬಿಟ್ಟಿದ್ದ ಯಾವನೋ ವಿದೇಶಿ ಸಿಪಾಯಿ ಓದಿ ಬಿಸಾಡಿದ್ದು, ಹಳೇ ಪೇಪರಿನ ಅಂಗಡಿಯಲ್ಲಿ ಅವರಿಗೆ ಸಿಕ್ಕಿತ್ತಂತೆ. ರಟ್ಟು ಹರಿದಿತ್ತು, ಒಳಗೆ ನಾಲ್ಕು ಪುಟಗಳ ತುಂಬ ಫೋಟೋಗಳು. ಆ ನಾಲ್ಕು ಪುಟ ನನ್ನ ತಲೆ ಕೆಡಿಸಿತು.

ಫೋಟೋದಲ್ಲಿ ಒಬ್ಬ ಮನುಷ್ಯ ಗೋಲಿನ ಮುಂದೆ ಬಗ್ಗಿ ನಿಂತಿದ್ದ. ಎರಡು ಕಾಲಿಗೂ ಹಾಸಿಗೆ ಸುರುಳಿ ಕಟ್ಟಿದ ಹಾಗೆ ದಪ್ಪ ಪಟ್ಟಿ. ಕೆಳಗೆ ನೆಲವೇ ಇಲ್ಲ!

"ಅದು ನೆಲ ಅಲ್ಲ ಕಣ್ರೋ, ಮಂಜುಗಡ್ಡೆ" ಎಂದರು ಮೇಷ್ಟ್ರು. "ಕೆನಡಾ ಅಂತ ದೇಶ. ಅಲ್ಲಿ ಛಳಿಗೆ ಕೆರೆಯೆಲ್ಲ ಕಲ್ಲಾಗ್ತದೆ. ಕಾಲಿಗೆ ಕಬ್ಬಿಣದ ಅಲಗು ಕಟ್ಕೊಂಡು ಅದರ ಮೇಲೆ ಹಾಕಿ ಆಡ್ತಾರೆ."

ನಾವು ಯಾರೂ ನಂಬಲಿಲ್ಲ. ಮಂಜುಗಡ್ಡೆ ಎಂದರೆ ನಮಗೆ ಗೊತ್ತಿದ್ದದ್ದು ಹಾಸನದ ಸೋಡಾ ಅಂಗಡಿಯಲ್ಲಿ ಮರದ ಹೊಟ್ಟಿನೊಳಗೆ ಹೂತಿಟ್ಟಿದ್ದ ಒಂದು ತುಂಡು. ಅದನ್ನು ಮುಟ್ಟಿ ಬಂದವನು ತರಗತಿಯಲ್ಲಿ ನಾನೊಬ್ಬನೇ. ಮುಟ್ಟಿದ ಬೆರಳು ಎಷ್ಟು ಹೊತ್ತು ಮರಗಟ್ಟಿತ್ತು ಎಂದು ಒಂದು ವಾರ ಎಲ್ಲರಿಗೂ ವರ್ಣಿಸಿದ್ದೆ. ಅಂಥದ್ದರ ಮೇಲೆ ಓಡುತ್ತಾರೆಯೇ? ಮೇಷ್ಟ್ರು ಇಂಗ್ಲಿಷ್ ಓದುತ್ತಾ ಕನ್ನಡದಲ್ಲಿ ಹೇಳುತ್ತಾ ಹೋದರು, ನಾವು ಬಾಯಿ ಬಿಟ್ಟುಕೊಂಡು ಕೇಳಿದೆವು. ಅಲ್ಲಿ ಚೆಂಡಿಲ್ಲ, ಅಚ್ಚುಬೆಲ್ಲದಷ್ಟು ಗಾತ್ರದ ಕರಿಯ ರಬ್ಬರಿನ ಬಿಲ್ಲೆ. ಅದು ಕಣ್ಣಿಗೆ ಕಾಣದಷ್ಟು ಜೋರಾಗಿ ಬರುತ್ತದೆ. ಗೋಲ್‌ಕೀಪರನ ಮುಖಕ್ಕೆ ಮಾತ್ರ ಏನೂ ಇಲ್ಲ, ಬೋಳು ಮುಖ! ಹಿಂದೆ ಗೋಲ್‌ಕೀಪರ್ ಬೇಕೆಂದೇ ಕೆಳಗೆ ಬಿದ್ದು ತಡೆಯಬಾರದೆಂಬ ನಿಯಮವೂ ಇತ್ತಂತೆ, ಆಗ ಕೆಲವರು ಕಾಲು ಜಾರಿದವರ ಹಾಗೆ ನಟಿಸಿ ಬೀಳುತ್ತಿದ್ದರಂತೆ. ಇದನ್ನು ಕೇಳಿ ನಾವು ಬಿದ್ದು ಬಿದ್ದು ನಕ್ಕೆವು.

ಆಮೇಲೆ ಮೇಷ್ಟ್ರು ಕೊನೆಯ ಫೋಟೋ ತೋರಿಸಿದರು. ಹುಬ್ಬಿನ ಮೇಲೆ, ಗಲ್ಲದ ಮೇಲೆ, ತುಟಿಯ ಮೇಲೆ ಹೊಲಿಗೆಯ ಗುರುತು ಇದ್ದ ಒಂದು ಮುಖ ನಗುತ್ತಿತ್ತು.

"ಒಂದು ತಂಡಕ್ಕೆ ಒಬ್ಬನೇ ಗೋಲ್‌ಕೀಪರ್. ಅವನಿಗೆ ಪೆಟ್ಟು ಬಿದ್ರೆ ಆಟ ನಿಂತೋಗ್ತದೆ. ಒಳಗೆ ಹೋಗಿ ಹೊಲಿಗೆ ಹಾಕಿಸ್ಕೊಂಡು ಅವನು ವಾಪಸ್ ಬರೋ ತನಕ ಎರಡೂ ತಂಡ ಕಾಯ್ತಾ ನಿಂತಿರ್ತದೆ, ಜನ ಎಲ್ಲ ಕಾಯ್ತಾ ಕೂತಿರ್ತಾರೆ. ಗೋಲು ಹೊಡೆಯೋನಿಗೆ ಯಾವನಾದ್ರೂ ಕಾಯ್ತಾನೇನ್ರೋ?"

ಅವಮಾನ ಎಲ್ಲಿ ಹೋಯಿತೋ! ಆ ಸಂಜೆ ಮನೆಗೆ ಓಡಿ, ಅವ್ವನ ಕಾಲು ಹಿಡಿಯುವುದೊಂದು ಬಾಕಿ, ಹಾಗೆ ಕಾಡಿಸಿ ಎರಡು ಗೋಣಿಚೀಲ ಕತ್ತರಿಸಿಕೊಂಡೆ. ಒಳಗೆ ತೆಂಗಿನ ನಾರು ತುಂಬಿ ಅವ್ವ ದಬ್ಬಳದಲ್ಲಿ ಹೊಲಿದುಕೊಟ್ಟಳು. ಅದನ್ನು ಕಾಲಿಗೆ ಕಟ್ಟಿಕೊಂಡು ಅಂಗಳದಲ್ಲಿ ಬಗ್ಗಿ ನಿಂತೆ. ಅಪ್ಪ ಎಲೆಅಡಿಕೆ ಮೆಲ್ಲುತ್ತಾ ನೋಡಿದ.

"ಏನ್ಲಾ ಅದು, ಆನೆಕಾಲು?"

"ಹಾಕಿ, ಅಪ್ಪಾ. ನಾನು ಗೋಲ್‌ಕೀಪರ್."

"ಏನಾರಾ ಆಗು. ಶನಿವಾರ ಸಾಲಲ್ಲಿ ನಿಂತ್ಕೊಂಡ್ರೆ ಸರಿ" ಎಂದು ಎದ್ದು ಹೋದ.

ಹಾಸನದಲ್ಲಿ ತಾಲ್ಲೂಕು ಶಾಲೆಗಳ ಪಂದ್ಯಾವಳಿ ಇತ್ತು. ಅದಕ್ಕೆ ತಯಾರಿಯೆಂದು ಮೇಷ್ಟ್ರು ನಮ್ಮನ್ನು ಮೊದಲು ಅರಕಲಗೂಡಿಗೆ ಒಂದು ಪಂದ್ಯಕ್ಕೆ ಕರೆದುಕೊಂಡು ಹೋದರು. ಇದ್ದಿಲ ಬಸ್ಸು ಪ್ರತಿ ಏರಿನಲ್ಲೂ ನಿಂತುಬಿಡುತ್ತಿತ್ತು, ನಾವು ಇಳಿದು ತಳ್ಳುತ್ತಿದ್ದೆವು. ತಲುಪುವ ಹೊತ್ತಿಗೆ ಮುಖವೆಲ್ಲ ಮಸಿ. ಆದರೂ ಹುಮ್ಮಸ್ಸು ಒಂದು ಚೂರೂ ಕಡಿಮೆಯಾಗಿರಲಿಲ್ಲ.

ಆ ದಿನ ನಾನು ತಡೆದದ್ದೇ ತಡೆದದ್ದು! ಕಾಲಿನಲ್ಲಿ ತಡೆದೆ, ಕೋಲಿನಲ್ಲಿ ತಡೆದೆ, ಒಮ್ಮೆ ಬೆನ್ನಿನಲ್ಲೂ ತಡೆದೆ. ಅರಕಲಗೂಡಿನ ಜನ ತಮ್ಮ ಹುಡುಗರನ್ನು ಬಿಟ್ಟು ನನ್ನನ್ನು ನೋಡತೊಡಗಿದ್ದರು. ಅದು ನನ್ನ ತಲೆಗೇರಿತು ಎಂದರೆ ಸುಳ್ಳಲ್ಲ. ಇನ್ನೇನು ಆಟ ಮುಗಿಯಬೇಕು, ಎರಡೂ ಕಡೆ ಗೋಲಿಲ್ಲ. ಗೋಲಿನ ಮುಂದಿನ ಅರ್ಧಚಂದ್ರದ ಗೆರೆಯೊಳಗಿಂದ ಅವರ ಹುಡುಗನೊಬ್ಬ ಹೊಡೆದ ಚೆಂಡು ಯಾರದೋ ಕೋಲಿಗೆ ತಾಗಿ, ಪುಟಿದು, ಎದೆಯೆತ್ತರಕ್ಕೆ ಬಂತು. ಹಾಕಿಯಲ್ಲಿ ಹಾಗೆ ಬಂದ ಚೆಂಡನ್ನು ಕೈಯಲ್ಲಿ ಹಿಡಿಯಬಹುದಿತ್ತು, ಹಿಡಿದ ಕೂಡಲೇ ಕಾಲ ಬುಡಕ್ಕೆ ಬಿಡಬೇಕು, ಅಷ್ಟೇ. ನಾನು ಎರಡೂ ಕೈಯಲ್ಲಿ ಹಿಡಿದೆ. ಎಷ್ಟು ಚೆನ್ನಾಗಿ ಹಿಡಿದೆ ಅಂತೀರಿ! ಹಿಡಿದವನೇ ಸೊಂಟ ತಿರುಗಿಸಿ, ಕಣ್ಣು ಮುಂದಿಟ್ಟುಕೊಂಡೇ, ಹಿಂದಕ್ಕೆ ಎಸೆದೆ.

ಹಿಂದೆ ಎಂಟನೆಯವನು ಇರಲಿಲ್ಲ. ಗೋಲು ಇತ್ತು.

ಆಮೇಲೆ ಎದ್ದ ನಗು ಇದೆಯಲ್ಲ, ಅದು ಈಗಲೂ ಕೆಲವೊಮ್ಮೆ ಕಿವಿಯಲ್ಲಿ ಏಳುತ್ತದೆ. ಆ ಒಂದೇ ಗೋಲಿನಿಂದ ಸೋತೆವು. ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ಮೇಷ್ಟ್ರು ಇಳಿಯುವಾಗ ಇಷ್ಟೇ ಹೇಳಿದರು: "ಹಾಸನಕ್ಕೆ ನಿನ್ನ ಕರ್ಕೊಂಡೋಗೋದೋ ಬೇಡವೋ, ಒಂದು ತಿಂಗಳು ನೋಡಿ ಹೇಳ್ತೀನಿ. ಇನ್ನೊಂದ್ಸಲ ಹಿಂದಕ್ಕೆ ಎಸೆದ್ಯೋ, ಹುಣಸೆಮರದ ಕೆಳಗೇ ಕೂತ್ಕೋ."

ನಾನು ಊಟ ಬಿಟ್ಟೆ. ಸಿಟ್ಟು, ನಾಚಿಕೆ, ಎರಡೂ. ಪತ್ರಿಕೆಯಲ್ಲಿ ಕಂಡ ಆ ಹೊಲಿಗೆಮುಖದವನ ಹಾಗೆ ಹಾಸನದ ಮೈದಾನದಲ್ಲಿ ನಿಲ್ಲಬೇಕು ಎನ್ನುವುದು ಬಿಟ್ಟರೆ ಆಗ ನನಗೆ ಬೇರೆ ಆಸೆಯೇ ಇರಲಿಲ್ಲ. ಶಾಲೆಯ ಹುಡುಗರಂತೂ ನನ್ನ ಪ್ರಾಣ ತಿಂದರು. ಎಲ್ಲಿ ಹೋದರೂ ಬೆನ್ನ ಹಿಂದೆ ಎರಡು ಕೈ ಚಾಚಿಕೊಂಡು ಬಂದು, "ಇಲ್ಲಿ ಕೊಡಪ್ಪಾ!" ಎನ್ನುವುದು. ಪಾಠದ ನಡುವೆ, ಹೊಳೆಯಲ್ಲಿ ಈಜುವಾಗ, ಎಲ್ಲೆಂದರಲ್ಲಿ. ಇಬ್ಬರಿಗೆ ಗುದ್ದಿದೆ, ಉಪಯೋಗವಾಗಲಿಲ್ಲ.

ಅಭ್ಯಾಸದಲ್ಲಿ ಜೋಪಾನವಾಗಿದ್ದರೆ ಸರಿಯಾಗಿಯೇ ಆಡುತ್ತಿದ್ದೆ. ಆಟ ಬಿಸಿಯಾದರೆ ಸಾಕು, ಕೈ ತಾನಾಗಿ ಹಿಂದಕ್ಕೆ ಹೋಗುತ್ತಿತ್ತು. ಶನಿವಾರ ಬೆಳಿಗ್ಗೆ ಸಾವಿರ ಸಲ ಹಿಂದಕ್ಕೆ ಎಸೆದ ಕೈ ಸಂಜೆ ಹೇಗೆ ಮರೆತೀತು? ಮೇಷ್ಟ್ರಿಗೆ ಇದು ಹೊಳೆಯಿತು. ಒಂದು ಶನಿವಾರ ರುಮಾಲು ಸರಿಮಾಡಿಕೊಳ್ಳುತ್ತಾ ತೋಟಕ್ಕೇ ಬಂದುಬಿಟ್ಟರು. ಸಾಲನ್ನು ಮೊದಲಿಂದ ಕೊನೆಯ ತನಕ ನೋಡಿದರು. ಕೆಲಸ ಮುಗಿದ ಮೇಲೆ ಅಪ್ಪ ಎಳನೀರು ಕೆತ್ತಿಕೊಟ್ಟ. ಮೇಷ್ಟ್ರು ಕುಡಿದು, ಬಾಯಿ ಒರೆಸಿಕೊಂಡು, "ಯಜಮಾನ್ರೇ, ಒಂದು ಮಾತು. ಇವನನ್ನ ಸಾಲಿನ ಮಧ್ಯದಿಂದ ತೆಗೆದು ಕೊನೇಲಿ, ಗಾಡಿ ಹತ್ರ ನಿಲ್ಲಿಸಿ. ಅಲ್ಲಿ ಹಿಂದಕ್ಕೆ ಎಸೆಯೋದಿಲ್ಲ, ಹಿಡಿದು ಇಳಿಸೋದು. ಕೈಗೆ ಅದು ಕೂತ್ರೆ ಇವನ ಸಮ ಈ ಜಿಲ್ಲೇಲಿ ಇರೋದಿಲ್ಲ" ಎಂದರು.

ಅಪ್ಪನ ಹಣೆಯ ವಿಭೂತಿ ಗೆರೆಗಳು ಗಂಟಾದವು.

"ಅದು ನಮ್ಮಪ್ಪ ನಂಗೆ ಬುಟ್ಟ ಜಾಗ ಸಾ. ನನ್ನ ಕೈ ಇನ್ನೂ ನಡುಗ್ತಿಲ್ಲ."

ಮಾತು ಅಲ್ಲಿಗೇ ಮುಗಿಯಿತು. ಮೇಷ್ಟ್ರು ಎದ್ದು ಹೋದರು. ನನಗೆ ಅಪ್ಪನ ಮೇಲೆ ಎಷ್ಟು ಕೋಪ ಬಂತೆಂದರೆ ಮೂರು ದಿನ ಅವನ ಜೊತೆ ಮಾತು ಬಿಟ್ಟೆ. ಅವನು ಅದನ್ನು ಗಮನಿಸಲೂ ಇಲ್ಲ, ಅದಕ್ಕೆ ಇನ್ನಷ್ಟು ಕೋಪ ಬಂತು.

ಗುರುವಾರ ಇರಬೇಕು, ಅಪ್ಪನ ಜೊತೆ ಪೇಟೆಬೀದಿಗೆ ಹೋಗಿದ್ದೆ. ಹಗ್ಗದ ಸುರುಳಿ ಹೊತ್ತು ನಾನು ಹಿಂದೆ ಹಿಂದೆ. ಮೂಲೆಯಲ್ಲಿ ನಿಂತಿದ್ದ ಹುಡುಗರ ಗುಂಪು ನಮ್ಮ ಹಿಂದೆಯೇ ಬಂದು, ಆರೇಳು ಜೊತೆ ಕೈ ಚಾಚಿ, "ಇಲ್ಲಿ ಕೊಡಪ್ಪಾ!" ಎಂದು ಕೂಗಿ ಓಡಿತು. ಅಪ್ಪ ನಿಂತ.

"ಏನ್ಲಾ ಅದು?"

ನಾನು ಹಗ್ಗದ ಸುರುಳಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡೆ. ಎರಡನೇ ಸಲ ಕೇಳಿದಾಗ ನಡುಬೀದಿಯಲ್ಲೇ ಅಳು ಬಂದುಬಿಟ್ಟಿತು. ಅರಕಲಗೂಡಿನ ಕಥೆಯನ್ನೆಲ್ಲ ಬಿಕ್ಕುತ್ತಾ ಒದರಿದೆ. ನಗುತ್ತಾನೆಂದುಕೊಂಡಿದ್ದೆ, ನಗಲಿಲ್ಲ. "ಬೆನ್ನಿಂದೆ ಯಾರೂ ಇಲ್ದಂಗೆ ಒಬ್ಬನ್ನೇ ನಿಲ್ಲಿಸ್ತಾರಾ?" ಎಂದು ಮಾತ್ರ ಕೇಳಿದ. ಹೌದು ಎಂದೆ. ಅವನು ಹಗ್ಗವನ್ನು ನನ್ನ ಹೆಗಲಿನಿಂದ ತೆಗೆದು ತಾನೇ ಹೊತ್ತುಕೊಂಡು ನಡೆದ.

ಆ ಶನಿವಾರ ಸಾಲು ಕಟ್ಟುವಾಗ ನಾನು ನನ್ನ ಏಳನೇ ಜಾಗಕ್ಕೆ ಹೋದರೆ ಅಲ್ಲಿ ಆಗಲೇ ಒಬ್ಬರು ನಿಂತಿದ್ದರು. ತಲೆಗೆ ಟವೆಲ್ಲು ಸುತ್ತಿ, ರಾಶಿಯ ಕಡೆ ಮುಖ ಮಾಡಿಕೊಂಡು, ಅಪ್ಪ. ನನ್ನ ಕಡೆ ತಿರುಗಲೂ ಇಲ್ಲ.

"ಗಾಡಿ ತಾವ ಓಗು. ಎಣಿಸೋದು ಮರೀಬ್ಯಾಡ."

ಗಾಡಿಯ ತನಕ ಹೇಗೆ ನಡೆದೆನೋ ಗೊತ್ತಿಲ್ಲ. ಉಳಿದ ಹತ್ತು ಜನರೂ ನನ್ನನ್ನೇ ನೋಡುತ್ತಿದ್ದರು. ಮೊದಲ ಕಾಯಿ ಬಂತು. ಹಿಡಿದೆ. ಹಿಂದಕ್ಕೆ ಎಸೆದೆ! ಅದು ಗಾಡಿ ದಾಟಿ, ಹುಲ್ಲು ಮೇಯುತ್ತಿದ್ದ ಎತ್ತಿನ ಪಕ್ಕ ದೊಪ್ಪೆಂದು ಬಿತ್ತು. ಎತ್ತು ಬೆಚ್ಚಿ ನನ್ನನ್ನು ನೋಡಿತು.

"ಒಡಕು!" ಸಾಲಿನ ನಡುವಿನಿಂದ ಅಪ್ಪ ಕೂಗಿದ. "ಓಗ್ಲಿ, ಮುಂದಿಂದು!"

ಆ ದಿನ ಅವ್ವನಿಗೆ ಹನ್ನೊಂದು ಒಡಕು ಕಾಯಿ ಸಿಕ್ಕವು. ಒಂದು ವಾರ ಎಲ್ಲದಕ್ಕೂ ಕಾಯಿ, ಸಾರಿಗೂ ಕಾಯಿ, ಉಪ್ಪಿಟ್ಟಿಗೂ ಕಾಯಿ. ಮುಂದಿನ ಶನಿವಾರ ನಾಲ್ಕು. ಅದರ ಮುಂದಿನ ಶನಿವಾರ ಒಂದೂ ಇಲ್ಲ. "ಲಾ...ಭ" ಎಂದು ನಾನು ರಾಗ ಎಳೆದರೆ ದೊಡ್ಡ ದೊಡ್ಡ ಆಳುಗಳು ನನ್ನ ರಾಗಕ್ಕೆ ಕೈ ಬೀಸುತ್ತಿದ್ದರು. ಮೇಷ್ಟ್ರು ಮೈದಾನದಲ್ಲಿ ನನ್ನ ಹಿಂದೆ ಹತ್ತು ಹುಡುಗರನ್ನು ನಿಲ್ಲಿಸಿ, "ಇಲ್ಲಿ ಕೊಡಪ್ಪಾ!" ಎಂದು ಕೂಗಿಸುತ್ತಾ ಮುಂದಿನಿಂದ ಚೆಂಡು ಎಸೆದರು. ಹಿಡಿದೆ, ಇಳಿಸಿದೆ, ಒದ್ದೆ. ಹಿಡಿದೆ, ಇಳಿಸಿದೆ, ಒದ್ದೆ. ಕೂಗಿ ಕೂಗಿ ಅವರ ಗಂಟಲು ಕಟ್ಟಿತು. "ಹಾಸನಕ್ಕೆ ಬುತ್ತಿ ಕಟ್ಟಿಸ್ಕೋ" ಎಂದರು ಮೇಷ್ಟ್ರು.

ಪಂದ್ಯ ಬಿದ್ದದ್ದು ಶನಿವಾರವೇ. ಅಪ್ಪನಿಗೆ ಹೇಗೆ ಹೇಳುವುದೆಂದು ಒದ್ದಾಡುತ್ತಿದ್ದೆ. ಅವನು ಯಾರಿಗೂ ಹೇಳದೆ ಶುಕ್ರವಾರವೇ ಸಾಲು ಕಟ್ಟಿಸಿ ಗಾಡಿ ತುಂಬಿಸಿಬಿಟ್ಟ. ಯಾಕೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಬೆಳಿಗ್ಗೆ ರೈಲು ಹತ್ತಿದೆವು. ಅವ್ವ ಕಟ್ಟಿಕೊಟ್ಟ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಹಾಸನ ಸ್ಟೇಷನ್ ಬರುವ ಮೊದಲೇ ಖಾಲಿ.

ಹಾಸನದ ಮೈದಾನ! ಸುತ್ತ ನಾಲ್ಕೂ ಕಡೆ ಜನ. ನಮ್ಮ ಎದುರಾಳಿ ಹಾಸನ ಶಾಲೆಯ ಹುಡುಗರ ಕಾಲಲ್ಲಿ ಬೂಟು, ಹನ್ನೊಂದು ಜನರ ಕೈಯಲ್ಲೂ ಅಂಗಡಿಯ ಕೋಲು. ನಮ್ಮ ಸೀಬೆ ಕೊಂಬೆಗಳನ್ನು ನೋಡಿ ಅವರು ಮುಸಿಮುಸಿ ನಕ್ಕರು. ನನ್ನ ಗೋಣಿ ಪಟ್ಟಿ ನೋಡಿ ಜೋರಾಗಿಯೇ ನಕ್ಕರು. ಗೋಲಿಗೆ ಬಲೆಯೇ ಇರಲಿಲ್ಲ. ಹಳೆಯದು ಹರಿದುಹೋಗಿ, ಯುದ್ಧದ ಕಾಲದಲ್ಲಿ ಹೊಸದು ಸಿಕ್ಕಿರಲಿಲ್ಲವಂತೆ. ಎರಡು ಕಂಬ, ಮೇಲೊಂದು ಅಡ್ಡಪಟ್ಟಿ, ಹಿಂದೆ ಬಯಲು. ಬಲೆ ಇದ್ದರೆ ಬೆನ್ನಿಗೆ ಒಂದು ಗೋಡೆ ಇದ್ದ ಹಾಗಿರುತ್ತಿತ್ತು. ಆ ಬಯಲು ಬೆನ್ನಿಗೆ ತಾಗುತ್ತಿದ್ದ ಹಾಗೆ ನನ್ನ ಕೈ ಬೆವರತೊಡಗಿತು.

ಸೀಟಿ. ಎರಡೇ ನಿಮಿಷದಲ್ಲಿ ಮೊದಲ ಹೊಡೆತ ಬಂತು, ನೆಲಕ್ಕೆ ಅಂಟಿಕೊಂಡು, ಬಲಗಂಬದ ಬುಡಕ್ಕೆ. ಕಾಲು ಚಾಚಿ ತಡೆದೆ. ಅದೇ ಕ್ಷಣ ಬೆನ್ನ ಹಿಂದಿನಿಂದ ಗಂಟಲು ಬಿಚ್ಚಿದ ರಾಗ ಕೇಳಿಸಿತು.

"ಲಾ...ಭ!"

ಆ ದನಿ ನನಗೆ ಗೊತ್ತಿಲ್ಲವೇ! ನಾವು ಬಂದ ರೈಲಿನಲ್ಲೇ, ಹಿಂದಿನ ಡಬ್ಬಿಯಲ್ಲಿ ಬಂದಿದ್ದನಂತೆ. ಗೋಲಿನ ನೇರ ಹಿಂದೆ, ಹತ್ತು ಹೆಜ್ಜೆ ದೂರದಲ್ಲಿ, ತಲೆಗೆ ಟವೆಲ್ಲು ಸುತ್ತಿಕೊಂಡು ನಿಂತಿದ್ದ. ಸುತ್ತಲಿನ ಜನ ನಕ್ಕರು. ಅವನಿಗೆ ಅದರ ಪರಿವೆಯೇ ಇಲ್ಲ.

"ಎರಡೂ!"

"ಮೂರೂ!"

ಕೈಯ ಬೆವರು ಆರಿಹೋಯಿತು. ಆ ರಾಗಕ್ಕೆ ನನ್ನ ಕಾಲು, ಕೈ, ಕಣ್ಣು ಎಲ್ಲ ತಾವಾಗಿ ಓಡಾಡಿದವು. ಏಳಾಯಿತು, ಎಂಟಾಯಿತು. ಅಷ್ಟರಲ್ಲಿ ನಮ್ಮ ಎಡಗಡೆಯ ಓಟಗಾರ, ಸೀಬೆ ಕೋಲಿನವನೇ, ಅತ್ತ ಎರಡು ಗೋಲು ಹೊಡೆದಿದ್ದ! ಮೈದಾನ ಹುಚ್ಚೆದ್ದಿತು. ಒಂಬತ್ತನೆಯದು ನನ್ನ ಕಾಲ ಸಂದಿಯಲ್ಲಿ ನುಗ್ಗಿ ಒಳಗೆ ಹೋಯಿತು. ಹಾಸನದವರು ಕುಣಿದರು.

"ಒಡಕು! ಓಗ್ಲಿ, ಮುಂದಿಂದು!"

ಈಗ ಗೋಲಿನ ಹಿಂದಿದ್ದ ಹಾಸನದ ಜನವೇ ಅಪ್ಪನ ಜೊತೆ ಎಣಿಸತೊಡಗಿದ್ದರು. ಅವರಿಗೆ ಆಟಕ್ಕಿಂತ ಎಣಿಕೆಯೇ ರುಚಿಸಿತ್ತು. ಹದಿನಾಲ್ಕು ಆದ ಮೇಲೆ ಒಂದು ಚೆಂಡು ಗೂಟಕ್ಕೋ ಕಲ್ಲಿಗೋ ತಾಗಿ ಎಗರಿ ನನ್ನ ಹುಬ್ಬಿಗೆ ಬಡಿಯಿತು. ಕಣ್ಣೊಳಗೆ ಕೆಂಪು. ನೆಲ ತಿರುಗಿತು. ಮೇಷ್ಟ್ರು ಓಡಿಬಂದರು. ನಮ್ಮಲ್ಲಿ ಇನ್ನೊಬ್ಬ ಗೋಲ್‌ಕೀಪರ್ ಇರಲಿಲ್ಲ.

"ಆಗ್ತದೇನೋ?"

"ಕಾಯ್ತಾರಾ ಸಾ?" ಎಂದೆ ನಾನು. ನನ್ನ ತಲೆಯಲ್ಲಿ ಇದ್ದದ್ದು ಆ ಹೊಲಿಗೆಮುಖ ಒಂದೇ.

ಹಾಸನದ ನಾಯಕ ಹತ್ತಿರ ಬಂದು ನನ್ನ ಹುಬ್ಬು ನೋಡಿ, "ಕಾಯ್ತೀವಿ ಸಾ, ನಿಧಾನಕ್ಕೆ ಬರ್ಲಿ" ಎಂದ. ಅವನು ಈಗ ಎಲ್ಲಿದ್ದಾನೋ, ಚೆನ್ನಾಗಿರಲಿ. ಎದುರಿನ ಹೋಟೆಲಿನಿಂದ ಯಾರೋ ಹಿಡಿ ಕಾಫಿ ಪುಡಿ ತಂದರು. ಮೇಷ್ಟ್ರು ಅದನ್ನು ಗಾಯಕ್ಕೆ ಮೆತ್ತಿ, ತಮ್ಮ ರುಮಾಲಿನ ತುದಿಯನ್ನೇ ಹರಿದು ಒಂದು ಕಣ್ಣು ಮುಚ್ಚುವ ಹಾಗೆ ಬಿಗಿಯಾಗಿ ಕಟ್ಟಿದರು. ಇಪ್ಪತ್ತೊಂದು ಜನ ಆಟಗಾರರು, ಅಷ್ಟೂ ಜನ, ನನಗಾಗಿ ಕಾಯುತ್ತಿದ್ದರು! ಉರಿಯುತ್ತಿದ್ದ ಹುಬ್ಬಿನ ಕೆಳಗೆ ನಾನು ನಗುತ್ತಿದ್ದೆ. ಕಾಫಿಯ ವಾಸನೆ ಬಂದರೆ ಈಗಲೂ ನನಗೆ ಆ ಮೈದಾನ ಕಾಣಿಸುತ್ತದೆ.

ಕಂಬಗಳ ನಡುವೆ ಮತ್ತೆ ಬಂದು ನಿಂತೆ. ಹಿಂದಿನಿಂದ ಅಪ್ಪ ಮೆಲ್ಲಗೆ, ನನಗೊಬ್ಬನಿಗೆ ಕೇಳುವಷ್ಟು ಮಾತ್ರ ಹೇಳಿದ: "ಅದಿನಾಲ್ಕಕ್ಕೆ ನಿಂತದೆ ಕಣ್ಲಾ."

ಹದಿನೈದು. ಹದಿನಾರು. ಹದಿನೇಳು. ಹದಿನೆಂಟು. ನಮಗೆ ಎರಡು, ಅವರಿಗೆ ಒಂದು. ಅಂಪೈರ್ ಗಡಿಯಾರ ನೋಡುತ್ತಿದ್ದ. ಅರ್ಧಚಂದ್ರದ ಗೆರೆಯೊಳಗೆ ಎಂಟು ಕೋಲುಗಳು ಒಟ್ಟಿಗೆ ಬಡಿದಾಡಿದವು. ಆ ಗದ್ದಲದಿಂದ ಚೆಂಡು ಪುಟಿದು, ಎದೆಯೆತ್ತರಕ್ಕೆ, ಥೇಟು ಅರಕಲಗೂಡಿನ ಹಾಗೆಯೇ ನನ್ನ ಕಡೆ ಬಂತು.

ಹಿಡಿದೆ. ಸೊಂಟ ತಿರುಗಿತು. ಮೂರು ಶನಿವಾರದ ಅಭ್ಯಾಸಕ್ಕಿಂತ ಏಳು ವರ್ಷದ ಅಭ್ಯಾಸ ದೊಡ್ಡದು, ಅದು ತಿರುಗಿಯೇಬಿಟ್ಟಿತು. ಒಂದು ಕಣ್ಣಿಗೆ ಪಟ್ಟಿ ಇದ್ದದ್ದರಿಂದ ಸರಿಯಾಗಿ ಕಾಣಲೆಂದು ಕತ್ತನ್ನೂ ತಿರುಗಿಸಿದೆ. ಆಗ ನೋಡಿದೆ. ನನ್ನ ಜನ್ಮದಲ್ಲಿ ಮೊದಲ ಸಲ, ಎಸೆಯುವ ಮೊದಲು ಹಿಂದೆ ನೋಡಿದೆ. ಅಲ್ಲಿ ಎರಡು ಕೈ ನನಗಾಗಿ ಚಾಚಿಕೊಂಡಿದ್ದವು. ಅಪ್ಪ ಕಾಲು ಅಗಲಿಸಿ, ಬೊಗಸೆ ಒಡ್ಡಿ, ಕಣ್ಣು ಚೆಂಡಿನ ಮೇಲಿಟ್ಟು, ಕಾಯಿ ಈಸಿಕೊಳ್ಳಲು ನಿಂತಿದ್ದ.

ಎಸೆಯಬೇಕೆಂದು ಮೈಯೆಲ್ಲ ಕೂಗಿತು. ಹೇಗೆ ತಡೆದುಕೊಂಡೆನೋ ನನಗೇ ತಿಳಿಯದು. ಚೆಂಡನ್ನು ಎದೆಗೊತ್ತಿಕೊಂಡು ತಿರುಗಿದ ಸೊಂಟವನ್ನು ಹಿಂದಕ್ಕೆ ಎಳೆದುಕೊಂಡೆ, ಕಾಲ ಬುಡಕ್ಕೆ ಇಳಿಸಿದೆ, ಬಲವಿದ್ದಷ್ಟೂ ಒದ್ದೆ. ಚೆಂಡು ಮೈದಾನದ ನಡುವಿನ ತನಕ ಉರುಳಿತು. ಉದ್ದದ ಸೀಟಿ ಬಿತ್ತು. ಗೆದ್ದಿದ್ದೆವು!

ಎಲ್ಲರೂ ಓಡಿದರು. ನನ್ನ ಕಡೆಗಲ್ಲ. ಎರಡು ಗೋಲು ಹೊಡೆದಿದ್ದ ಸೀಬೆ ಕೋಲಿನವನನ್ನು ಹೆಗಲ ಮೇಲೆ ಹೊತ್ತು ಮೈದಾನವೆಲ್ಲ ಕುಣಿದರು. ಮೇಷ್ಟ್ರೂ ಹರಿದ ರುಮಾಲು ಬೀಸುತ್ತಾ ಅವರ ಜೊತೆ ಕುಣಿಯುತ್ತಿದ್ದರು. ನಾನು ಕಂಬಕ್ಕೆ ಒರಗಿ ಗೋಣಿ ಪಟ್ಟಿ ಬಿಚ್ಚತೊಡಗಿದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನು ಹಿಂದೆ ತಿರುಗಿ ನೋಡುತ್ತಿದ್ದೆ.

ಅಪ್ಪ ಇನ್ನೂ ಅಲ್ಲೇ ನಿಂತಿದ್ದ. ಚಾಚಿದ ಕೈಗಳನ್ನು ಇಳಿಸುವುದನ್ನೂ ಮರೆತಿದ್ದ. ತನ್ನ ಖಾಲಿ ಬೊಗಸೆಯನ್ನು ಒಮ್ಮೆ ನೋಡಿಕೊಂಡ, ನನ್ನನ್ನು ನೋಡಿದ. ಆಮೇಲೆ ಅವನಿಗೆ ನಗು ಬಂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ನಗುತ್ತಲೇ ಹತ್ತಿರ ಬಂದು, ಟವೆಲ್ಲು ಬಿಚ್ಚಿ ನನ್ನ ಮುಖದ ಮೇಲಿನ ಕಾಫಿ ಪುಡಿ, ರಕ್ತ ಎಲ್ಲ ಒರೆಸಿದ.

"ಅತ್ತೊಂಬತ್ತು" ಎಂದ. "ಕೊಟ್ಟಿದ್ರೆ ನಾನೂ ಈಸ್ಕೊಂಡ್ಬುಡ್ತಿದ್ದೆ ಕಣ್ಲಾ."